ಆರ್ ನಿಧಾನ ಅಂತ ಬೈಯುವ ಮೊದಲು ಇಷ್ಟು ನೋಡಿ

ಪುಣೆಯಲ್ಲಿ ಡೇಟಾ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರ ಬಾಯಲ್ಲಿ ಈಗೀಗ ಒಂದು ಮಾತು ಜಾಸ್ತಿ ಕೇಳುತ್ತಿದೆ. ಡೇಟಾ ವಿಶ್ಲೇಷಣೆಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಆರ್ (R) ನಿಧಾನ, ಬಿಟ್ಟುಬಿಡೋಣ ಅಂತ. ನನಗೆ ಇದು ಒಪ್ಪಿಗೆಯಿಲ್ಲ. ಎಲ್ಲಿ ನಿಧಾನ ಅಂತ ಅಳೆದು ನೋಡದೆ ಭಾಷೆಯನ್ನೇ ಬಿಡುವುದು ಸರಿಯಲ್ಲ.

ಹಿಂಜವಡಿಯ ನಮ್ಮ ಆಫೀಸಿನಲ್ಲಿ ವಿಜಯಪುರದ ಹುಡುಗನೊಬ್ಬ ಬಂದು "ಅಕ್ಕಾರ, ಮಾಡೆಲ್ ಲಗೂನ ಆಗ್ತೈತಿ, ಸೇವ್ ಆಗಾಕ ಭಾಳ ಹೊತ್ತು ತಗೊಳ್ಳಾಕತ್ತೈತ್ರಿ" ಅಂದ. ಆರ್‌ನಲ್ಲಿ ಆಬ್ಜೆಕ್ಟನ್ನು ಫೈಲಿಗೆ ಉಳಿಸುವ ಫಂಕ್ಷನ್ ಸೇವ್‌ಆರ್‌ಡಿಎಸ್ (saveRDS). ಅದಕ್ಕೆ ನೀವೇನೂ ಹೇಳದಿದ್ದರೆ ಅದು ಡೇಟಾವನ್ನು ಜಿಜಿಪ್ (gzip) ಎಂಬ ವಿಧಾನದಲ್ಲಿ ಒತ್ತಿ, ಅಂದರೆ ಚಿಕ್ಕದು ಮಾಡಿ ಬರೆಯುತ್ತದೆ, ಮತ್ತು ಲ್ಯಾಪ್‌ಟಾಪಿನಲ್ಲಿ ಎಷ್ಟೇ ಕೋರ್ ಇದ್ದರೂ ಆ ಕೆಲಸ ಒಂದೇ ಕೋರಿನ ಮೇಲೆ ನಡೆಯುತ್ತದೆ. ಹಾಗಾಗಿ ಮೊದಲು ಅದರ ಕಂಪ್ರೆಸ್ (compress) ಆಯ್ಕೆಗೆ ಫಾಲ್ಸ್ ಕೊಟ್ಟು, ಎಷ್ಟು ಹೊತ್ತು ಹಿಡಿಯಿತು ಅಂತ ಸಿಸ್ಟಮ್ ಟೈಮ್ (system.time) ಫಂಕ್ಷನ್ನಿನಿಂದ ಅಳೆದು ನೋಡಿ. ಫೈಲು ದೊಡ್ಡದಾಗುತ್ತದೆ, ಆಗಲಿ ಬಿಡಿ, ನಾಳೆ ಅಳಿಸುವ ಫೈಲನ್ನು ಒತ್ತಿ ಇಟ್ಟು ಏನು ಮಾಡುವುದು? ವರ್ಷಗಟ್ಟಲೆ ಇಡಬೇಕಾದದ್ದನ್ನು ಕೊನೆಗೆ ಒಂದು ಸಲ ಎಕ್ಸ್‌ಝಡ್ (xz) ಎಂಬ ಇನ್ನೊಂದು ವಿಧಾನದಲ್ಲಿ ಒತ್ತಿದರೆ ಸಾಕು.

ಆದರೂ ನಿಧಾನವೇ? ಆಗ ಡಿಸ್ಕ್ ಬಿಟ್ಟು, ಆಬ್ಜೆಕ್ಟನ್ನು ಬೈಟುಗಳ ಸಾಲಾಗಿ ಮಾಡುವ ಸೀರಿಯಲೈಜ್ (serialize) ಫಂಕ್ಷನ್ನಿಗೆ ಕನೆಕ್ಷನ್ ಜಾಗದಲ್ಲಿ ನಲ್ (NULL) ಕೊಡಿ, ಮೆಮೊರಿಗೇ ಬರೆಯುತ್ತದೆ. ಬಂದದ್ದರ ಉದ್ದ, ಅಂದರೆ ಎಷ್ಟು ಬೈಟು ಅಂತ ನೋಡಿ. ಆ ಹುಡುಗನ ಮಾಡೆಲ್ಲಿನ ಗುಟ್ಟು ಹೊರಬಿದ್ದದ್ದು ಇಲ್ಲೇ. ಮೆಮೊರಿಯಲ್ಲಿನ ಗಾತ್ರ ಹೇಳುವ ಆಬ್ಜೆಕ್ಟ್ ಸೈಜ್ (object.size) ಕೇಳಿದರೆ ಚಿಕ್ಕ ಸಂಖ್ಯೆ, ಸೀರಿಯಲೈಜ್ ಮಾಡಿದರೆ ಅದರ ಎಷ್ಟೋ ಪಟ್ಟು! ಫಂಕ್ಷನ್ನಿನ ಒಳಗೆ ಬರೆದ ಮಾಡೆಲ್ಲಿನ ಫಾರ್ಮುಲಾ ತಾನು ಹುಟ್ಟಿದ ಎನ್ವಿರಾನ್‌ಮೆಂಟನ್ನು, ಅಂದರೆ ಆ ಫಂಕ್ಷನ್ನಿನ ವೇರಿಯಬಲ್‌ಗಳೆಲ್ಲ ಇರುವ ಜಾಗವನ್ನು ಜೊತೆಗೇ ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ಓದಿಸಿದ್ದ ಇಡೀ ಡೇಟಾಫ್ರೇಮ್ (ಸಾಲು-ಕಾಲಮ್ಮುಗಳ ಕೋಷ್ಟಕ), ಮಧ್ಯದ ಕಾಪಿಗಳು, ಎಲ್ಲವೂ ಫೈಲಿಗೆ ಹೋಗುತ್ತವೆ. ಆಬ್ಜೆಕ್ಟ್ ಸೈಜ್ ಈ ಎನ್ವಿರಾನ್‌ಮೆಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಫಂಕ್ಷನ್ನಿನ ಹೊರಗೆ, ಗ್ಲೋಬಲ್‌ನಲ್ಲಿ ಬರೆದ ಫಾರ್ಮುಲಾಕ್ಕೆ ಈ ತೊಂದರೆ ಇಲ್ಲ, ಗ್ಲೋಬಲ್ ಎನ್ವಿರಾನ್‌ಮೆಂಟಿನ ಹೆಸರಷ್ಟೇ ಹೋಗುತ್ತದೆ, ಒಳಗಿದ್ದದ್ದು ಹೋಗುವುದಿಲ್ಲ. ಬೇಡದ ದೊಡ್ಡ ವೇರಿಯಬಲ್‌ಗಳನ್ನು ಫಂಕ್ಷನ್ನಿನಲ್ಲೇ ಆರ್‌ಎಮ್ (rm) ಮಾಡಿ ಅಳಿಸಿ, ಆಮೇಲೆ ಮಾಡೆಲ್ ಹಿಂದಿರುಗಿಸಿ.

ಇನ್ನೊಂದು ವಿಷಯ. ಸೀರಿಯಲೈಜ್ ಸುಮ್ನೆ ಬಿಟ್ಟರೆ ಬಿಗ್ ಎಂಡಿಯನ್ ಕ್ರಮದಲ್ಲಿ, ಅಂದರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟನ್ನು ಮೊದಲು ಬರೆಯುತ್ತದೆ, ನಮ್ಮ ಇಂಟೆಲ್ ಮಷೀನುಗಳು ಅದಕ್ಕೆ ಉಲ್ಟಾ, ಲಿಟಲ್ ಎಂಡಿಯನ್, ಅಂದರೆ ಪ್ರತಿ ಸಂಖ್ಯೆಯ ಬೈಟುಗಳನ್ನೂ ತಿರುಗಿಸುವ ಕೆಲಸ. ಸೀರಿಯಲೈಜ್‌ನ ಎಕ್ಸ್‌ಡಿಆರ್ (xdr) ಆಯ್ಕೆಗೆ ಫಾಲ್ಸ್ ಕೊಟ್ಟರೆ ಆ ಕೆಲಸ ತಪ್ಪುತ್ತದೆ. ಸೇವ್‌ಆರ್‌ಡಿಎಸ್‌ನಲ್ಲಿ ಈ ಆಯ್ಕೆ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ. ಪ್ಯಾರಲೆಲ್ ಹಾಕಿ ಕೆಲಸವನ್ನು ಹಲವು ಕೋರುಗಳಿಗೆ ಹಂಚಿದ ಮೇಲೂ ವೇಗ ಬರಲಿಲ್ಲ ಅನ್ನುವವರು ಈ ಸೀರಿಯಲೈಜ್ ಖರ್ಚನ್ನೇ ನೋಡಬೇಕು: ವಿಂಡೋಸ್‌ನಲ್ಲಿ ಫೋರ್ಕ್ (ನಡೆಯುತ್ತಿರುವ ಆರ್ ಅನ್ನು ಮೆಮೊರಿ ಸಮೇತ ಕವಲೊಡೆಸುವುದು) ಇಲ್ಲ, ಕೆಲಸ ಹಂಚಿಕೊಳ್ಳುವ ಪ್ರತಿ ವರ್ಕರಿಗೂ ಡೇಟಾ ಸೀರಿಯಲೈಜ್ ಆಗಿಯೇ ಹೋಗಬೇಕು.

ವೇಗವಾಗಿ ಉಳಿಸಲು ಬೇರೆ ಪ್ಯಾಕೇಜುಗಳೂ ಇವೆ: ಬರೀ ಡೇಟಾಫ್ರೇಮ್ ಆದರೆ ಎಫ್‌ಎಸ್‌ಟಿ (fst) ಚೆನ್ನಾಗಿದೆ, ಬೇರೆ ಆಬ್ಜೆಕ್ಟುಗಳಿಗೆ ಕ್ಯೂಎಸ್2 (qs2) ಇದೆ. ಆದರೆ ಎನ್ವಿರಾನ್‌ಮೆಂಟ್ ತುಂಬಿಕೊಂಡ ಮಾಡೆಲ್ಲನ್ನು ಯಾವ ಪ್ಯಾಕೇಜಿಗೆ ಕೊಟ್ಟರೂ ಅಷ್ಟೂ ಭಾರ ಅದರ ಮೇಲೇ ಬೀಳುತ್ತದೆ. ಉದ್ದ ಮೊದಲು ನೋಡಿ, ಪ್ಯಾಕೇಜ್ ಆಮೇಲೆ ಹಾಕಿ.