ಡೈಪರ್ ಬದಲಿಸೋ ಅಪ್ಪನಿಗೆ ಜಾಗ ಎಲ್ಲಿ?

ಕಳೆದ ರಜೆಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೊರಟಿದ್ದೆವು. ಅರಸೀಕೆರೆ ದಾಟಿದ ಮೇಲೆ ಮಗಳ ಡೈಪರ್ ಬದಲಿಸಬೇಕಾಯಿತು. ಸೀಟಿನ ಮೇಲೆ ಟವೆಲ್ ಹಾಸಿ ಕೆಲಸ ಶುರು ಮಾಡಿದೆ. ಎದುರಿಗಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳಿಯೇಬಿಟ್ಟರು: ‘ಯಪ್ಪಾ, ಕೂಸಿನ ಅವ್ವ ಎಲ್ಲಿ ಅದಾಳ?’

ಕೂಸಿನ ಅವ್ವ ಕಿಟಕಿ ಪಕ್ಕದಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಅಲ್ಲಿಂದ ಹುಬ್ಬಳ್ಳಿವರೆಗೆ ನನಗೆ ಕನಿಕರ, ಅವಳಿಗೆ ಓರೆನೋಟ.

ನಾವಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದೇ ಕೆಲಸ ಮಾಡಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಐಸಿಇ ಅನ್ನುವ ಅಲ್ಲಿನ ವೇಗದ ರೈಲಿನಲ್ಲಿ ಪುಟ್ಟ ಮಕ್ಕಳಿರುವವರಿಗೇ ಬೇರೆ ಕಂಪಾರ್ಟ್‌ಮೆಂಟ್ ಇರುತ್ತದೆ. ತಳ್ಳುಗಾಡಿ ನಿಲ್ಲಿಸಲು ಜಾಗ, ಮಗು ನೆಲದ ಮೇಲೆ ಹರಿದಾಡಲು ಜಾಗ. ಟಾಯ್ಲೆಟ್ಟಿನಲ್ಲಿ ಮಡಚಿಟ್ಟ ಹಲಗೆಯನ್ನು ಎಳೆದುಕೊಂಡು ಮಗುವನ್ನು ಮಲಗಿಸಬಹುದು. ಆ ಟಾಯ್ಲೆಟ್ಟು ಗಂಡಸರದ್ದೂ ಅಲ್ಲ, ಹೆಂಗಸರದ್ದೂ ಅಲ್ಲ, ಎಲ್ಲರದ್ದು. ಪೇಟೆಯಲ್ಲಿ ಓಡಾಡುವಾಗ ಡೈಪರ್ ಖಾಲಿಯಾಯಿತೋ, ಸೋಪು, ಶಾಂಪೂ ಮಾರುವ ಡಿಎಂ ಅಂಗಡಿಗೆ ಹೋದರಾಯಿತು. ಮಗುವನ್ನು ಮಲಗಿಸುವ ಮೇಜಿನ ಪಕ್ಕದಲ್ಲೇ ಡೈಪರ್ ಇಟ್ಟಿರುತ್ತಾರೆ, ಅದೂ ಪುಕ್ಕಟೆ. ಮೊದಲ ಸಲ ನೋಡಿದಾಗ ನಾನು ದುಡ್ಡು ಎಲ್ಲಿ ಕೊಡಬೇಕು ಅಂತ ಹುಡುಕಾಡಿದ್ದೆ!

ನಮ್ಮಲ್ಲಿ ಸೌಕರ್ಯ ಇಲ್ಲವೇ ಇಲ್ಲ ಅಂತಲ್ಲ. ಈಗ ಕೆಲವು ಬಸ್ ನಿಲ್ದಾಣಗಳಲ್ಲಿ ಮಗುವಿಗೆ ಹಾಲುಣಿಸುವ ಕೋಣೆ ಮಾಡಿದ್ದಾರೆ. ಒಂದು ಕಡೆ ಮಗಳನ್ನು ಎತ್ತಿಕೊಂಡು ಆ ಬಾಗಿಲ ಹತ್ತಿರ ಹೋದೆ. ‘ಲೇಡೀಸ್ ಮಾತ್ರ ಸಾರ್’ ಅಂದರು ಅಲ್ಲಿದ್ದಾಕೆ. ಸರಿ ತಾನೇ, ಒಳಗೆ ತಾಯಂದಿರು ಹಾಲುಣಿಸುತ್ತಿರುತ್ತಾರೆ. ಆದರೆ ನಾನು ಎಲ್ಲಿಗೆ ಹೋಗಲಿ? ಕೊನೆಗೆ ಸಿಮೆಂಟ್ ಬೆಂಚಿನ ಮೇಲೆ, ಊರವರ ಮುಂದೆ, ಕೆಲಸ ಮುಗಿಸಿದೆ.

2022ರ ಮೇ ತಿಂಗಳಲ್ಲಿ ನಮ್ಮ ರೈಲ್ವೆಯವರು ಲಕ್ನೋ ಮೇಲ್‌ನಲ್ಲಿ ಮಗುವಿಗೆ ಪುಟ್ಟ ಬರ್ತ್ ಜೋಡಿಸಿ ನೋಡಿದರು. ಫೋಟೋ ನೋಡಿ ಖುಷಿಯಾಯಿತು. ಅದನ್ನೂ ಶುರು ಮಾಡಿದ್ದು ಅಮ್ಮಂದಿರ ದಿನದ ಹೆಸರಿನಲ್ಲಿ. ಅಪ್ಪ ಪಕ್ಕದಲ್ಲಿ ಮಗುವನ್ನು ಮಲಗಿಸಿಕೊಳ್ಳಬಹುದು ಅಂತ ಯಾರಿಗೂ ಹೊಳೆಯಲಿಲ್ಲ, ಅಲ್ವಾ? ಮಗುವಿನ ಜೊತೆ ಪ್ರಯಾಣ ಅಂದರೆ ಹೆಂಗಸರ ತಲೆನೋವು ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ಗಂಡಸಿನ ಪಾಲಿಗೆ ಲಗೇಜು, ಟಿಕೆಟ್ಟು, ನೀರಿನ ಬಾಟಲಿ.

ಇದನ್ನು ಮನೆಯಲ್ಲಿ ಹೇಳಿದರೆ ನಮ್ಮಪ್ಪ, ‘ನಿಮ್ಮನ್ನೆಲ್ಲ ಯಾವ ಹಲಗೆ ಮೇಲೆ ಮಲಗಿಸಿ ಬೆಳೆಸಿದ್ವಿ?’ ಅನ್ನುತ್ತಾರೆ. ಬೆಳೆಸಿದ್ದು ಅಮ್ಮ, ಅಜ್ಜಿ, ಅತ್ತೆ, ಚಿಕ್ಕಮ್ಮ ಅಂತ ಅವರಿಗೆ ನೆನಪಿಸಿದರೆ ಪೇಪರ್ ಎತ್ತಿಕೊಳ್ಳುತ್ತಾರೆ.

ಹಾಗಂತ ಜರ್ಮನಿಯನ್ನು ಸುಮ್ನೆ ಹೊಗಳುತ್ತಾ ಕೂರುವ ಹಾಗೂ ಇಲ್ಲ. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಅನ್ನುವ ಕಾಲ ಹೋಯಿತು. ಇಡೀ ಕುಟುಂಬಕ್ಕೆ ಕಡಿಮೆ ದರದಲ್ಲಿ ಸಿಗುತ್ತಿದ್ದ ಸೀಟ್ ರಿಸರ್ವೇಷನ್ ಅನ್ನು 2025ರ ಜೂನ್‌ನಲ್ಲಿ ತೆಗೆದೂ ಹಾಕಿದರು. ಇನ್ನೊಂದು ಮಾತು, ಒಪ್ಪಿಕೊಳ್ಳಲು ಮನಸ್ಸಿಲ್ಲ. ಅಲ್ಲಿ ಮಗಳು ಅತ್ತರೆ ಇಡೀ ಬೋಗಿ ಮೊಬೈಲ್ ನೋಡುತ್ತದೆ. ನಮ್ಮೂರ ಬಸ್ಸಿನಲ್ಲಿ ನಾನು ಬ್ಯಾಗು ಹುಡುಕುವಷ್ಟರಲ್ಲಿ ಅವಳು ಯಾರದೋ ತೊಡೆಯ ಮೇಲೆ ಕೂತು ಕಡ್ಲೆಮಿಠಾಯಿ ಕಚ್ಚುತ್ತಿರುತ್ತಾಳೆ. ಕೈ ತೊಳೆದಿದ್ದಾರೋ ಇಲ್ಲವೋ ಅಂತ ನನಗೆ ಚಿಂತೆ, ಅವಳಿಗೆ ಹಬ್ಬ.

ಹಾಲುಣಿಸುವ ಕೋಣೆಗೆ ಗಂಡಸರನ್ನೂ ಬಿಡಬೇಕು ಅಂತ ನಾನು ವಾದಿಸಿದರೆ ನನ್ನ ಹೆಂಡತಿ ಒಪ್ಪುವುದಿಲ್ಲ. ‘ಆ ಒಂದು ಕೋಣೆನಾದ್ರೂ ನಮಗೆ ಬಿಡಿ. ಗಂಡಸರ ಟಾಯ್ಲೆಟ್ಟಲ್ಲಿ ಹಲಗೆ ಹೊಡಿಸಿಕೊಳ್ಳಿ’ ಅನ್ನುತ್ತಾಳೆ. ಅವಳು ಹೇಳೋದೂ ಸರಿಯೇ. ಪಾಪ, ಅವಳು ನಮ್ಮ ಬಸ್ ನಿಲ್ದಾಣಗಳ ಗಂಡಸರ ಟಾಯ್ಲೆಟ್ಟನ್ನು ಒಳಗಿಂದ ನೋಡಿಲ್ಲ.