ಆಕಾಶ ಸುಮ್ಮನಿರುವುದು ಭಯದಿಂದಲೇ?

ಪರ: ಅಡಗಿದವರೇ ಉಳಿದವರು

‘ಹಾಗಾದರೆ ಅವರೆಲ್ಲ ಎಲ್ಲಿ?’ ಎಂದು, ಬೇರೆ ಲೋಕದ ಜೀವಿಗಳ ಮಾತು ಬಂದಾಗ, 1950ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಊಟಕ್ಕೆ ಕೂತಿದ್ದ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಕೇಳಿದ. ಅದಕ್ಕೆ ಕಥೆಗಾರರು ಕೊಟ್ಟ ಉತ್ತರ ಒಂದೆರಡಲ್ಲ. ನಾನು ಒಪ್ಪುವುದು ಒಂದನ್ನೇ, ಚೀನಾದ ಲಿಯೂ ಸಿಶಿನ್ 2008ರ ಕಾದಂಬರಿಯಲ್ಲಿ ಕೊಟ್ಟದ್ದನ್ನು. ಬ್ರಹ್ಮಾಂಡ ಕತ್ತಲ ಕಾಡು, ಒಬ್ಬೊಬ್ಬನೂ ಕೋವಿ ಹಿಡಿದವನು, ಸದ್ದು ಮಾಡಿದವನು ಸತ್ತ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಹಂದಿ ಕಾಟ. ಒಂದು ಮಳೆಗಾಲ ಚಿಕ್ಕಪ್ಪನ ಜೊತೆ ರಾತ್ರಿ ಕಾವಲಿಗೆ ಹೋಗಿದ್ದೆ. ಹಳ್ಳದಾಚೆ ಸೊಪ್ಪಿನ ಬೆಟ್ಟದಲ್ಲಿ ಏನೋ ಸರಸರ ಸದ್ದು. ನಾನು ಬ್ಯಾಟರಿ ಹಾಕಿದ್ದೇ ತಡ, ಚಿಕ್ಕಪ್ಪ ಕೈಗೆ ಹೊಡೆದು ಆರಿಸಿದರು. ‘ಹಂದಿಯಾದ್ರೆ ಓಡುತ್ತೆ. ಈಡಿನವರಾದ್ರೆ ಬೆಳಕಿಗೇ ಹೊಡೀತಾರೆ ಮಾರಾಯ!’ ಉಂಬಳ ಹತ್ತಿದರೂ ಕೀಳದೆ ಕೂತೆವು. ಆಚೆಯವರೂ ಮಿಸುಕಲಿಲ್ಲ. ಅಲ್ಲಿದ್ದದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಇದ್ದರೆಂಬುದಂತೂ ಗೊತ್ತು.

ಮನುಷ್ಯರ ಬುದ್ಧಿ ನೋಡಿ. 1974ರಲ್ಲಿ ನಮ್ಮ ಡಿಎನ್‌ಎ, ನಮ್ಮ ಆಕಾರ, ಸೌರಮಂಡಲದಲ್ಲಿ ನಮ್ಮ ಜಾಗ ಎಲ್ಲವನ್ನೂ 1,679 ಬಿಟ್‌ಗಳಲ್ಲಿ ತುಂಬಿ ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಆಕಾಶಕ್ಕೆ ಕಳಿಸಿದೆವು. 1977ರ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ಧ್ವನಿತಟ್ಟೆಯಲ್ಲಿ ಕನ್ನಡದ ಶುಭಾಶಯವೂ ಇದೆ. ಹೆಮ್ಮೆಯೇ, ಆದರೆ ಮೇಲುಹೊದಿಕೆಯಲ್ಲಿ ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರಗಳ ಗುರುತಿಟ್ಟು ವಿಳಾಸ ಬೇರೆ! ದೂರ ಬಹಳ, ಹೆದರಬೇಡಿ ಎನ್ನುವವರು ಒಂದು ರಾತ್ರಿ ನಮ್ಮ ತೋಟಕ್ಕೆ ಬರಲಿ.

ವಿರೋಧ: ದೂರವೇ ಸಾಕು

ಸಾಗರದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆಂಬ ಕಾರಣಕ್ಕೆ ವಿರೋಧದ ಪಾಳಿ ನನಗೆ ಬಂದಿದೆ. ಆ ಕಾದಂಬರಿ ನನಗೂ ಇಷ್ಟ, ನಿದ್ದೆಗೆಡಿಸಿದ್ದೂ ಉಂಟು. ಆದರೆ ಕೇಳಿದ್ದಾರೆ, ಬರೆಯಬೇಕು.

ಆಕಾಶಗಂಗೆಯ ಅಗಲ ಸುಮಾರು 1,00,000 ಜ್ಯೋತಿರ್ವರ್ಷ, ಅಂದರೆ ಬೆಳಕಿಗೇ ಅಷ್ಟು ವರ್ಷದ ಹಾದಿ. ಬೆಳಕಿನದೇ ವೇಗದ ನಮ್ಮ ರೇಡಿಯೊ ತರಂಗಗಳು ಹೊರಟು ನೂರು ಚಿಲ್ಲರೆ ವರ್ಷವಾಯಿತು. ಅರೆಸಿಬೊ ಸಂದೇಶ ಗುರಿಯಿಟ್ಟ ಎಂ13 ನಕ್ಷತ್ರಗುಚ್ಛಕ್ಕೆ ಇನ್ನೂ ಸುಮಾರು 25,000 ವರ್ಷದ ಹಾದಿ. ಯಾರ ಕಿವಿಗೂ ಬೀಳದ ಮಾತಿಗೆ ಉತ್ತರ ಬಂದಿಲ್ಲವೆಂದು ಕೋವಿಯ ಕಥೆ ಕಟ್ಟಬೇಕೇ? ಅಡಗುವುದೇ ಕಾರಣವಾದರೆ ಒಬ್ಬರೂ ಬಿಡದೆ ಎಲ್ಲರೂ ಅಡಗಬೇಕು. ಬ್ರಹ್ಮಾಂಡದಲ್ಲಿ ಒಬ್ಬ ಬಾಯಿಬಡುಕನೂ ಇಲ್ಲವೇ? ನಮ್ಮ ಸಾಗರದಲ್ಲೇ ಎಷ್ಟಿದ್ದಾರೆ!

1977ರ ಆಗಸ್ಟ್‌ನಲ್ಲಿ ಒಹಾಯೊದ ರೇಡಿಯೊ ದೂರದರ್ಶಕಕ್ಕೆ 72 ಸೆಕೆಂಡ್ ಬಿದ್ದ, ಬೇರೆ ಲೋಕದವರದ್ದೇ ಇರಬಹುದೆಂದು ಕೆಲವರು ಊಹಿಸಿದ ‘ವಾವ್’ ಸಂಕೇತ ಮತ್ತೆ ಕೇಳಿಸಲಿಲ್ಲ. ಕಳಿಸಿದವನನ್ನೇ ಹೊಡೆದುಹಾಕಿದರು ಎಂದು ಪರದವರು ಹೇಳಿಯಾರು. ಹೇಳಲಿ, ಕಥೆ ಅವರದೇ ಚೆನ್ನಾಗಿದೆ.