ಸೊಲ್ಲಾಪುರದ ಅಪಘಾತಕ್ಕೆ ವಿಜಯಪುರದಲ್ಲಿ ಪರಿಹಾರದ ಅರ್ಜಿ: ಸ್ಪಷ್ಟನೆ

ಮಹಾರಾಷ್ಟ್ರದ ಗಡಿಯೊಳಗೆ ಅಪಘಾತವಾದರೆ ಅಲ್ಲಿಯೇ ಪರಿಹಾರ ಕೇಳಬೇಕು, ವಿಜಯಪುರದಲ್ಲಿ ಅರ್ಜಿ ಹಾಕಲು ಬರುವುದಿಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 166(2)ನೇ ಕಲಮಿನ ಪ್ರಕಾರ ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳ, ಇಲ್ಲವೇ ಪ್ರತಿವಾದಿ ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿಗೆ ಹೋಗಬೇಕೆಂಬುದು ಅರ್ಜಿದಾರರ ಆಯ್ಕೆಗೇ ಬಿಟ್ಟದ್ದು. ಕಾಲಿಗೆ ರಾಡ್ ಹಾಕಿಸಿಕೊಂಡು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ತನ್ನ ಮನೆಯಲ್ಲಿ ಮಲಗಿರುವ ಕಬ್ಬು ಕಡಿಯುವ ಕೂಲಿಕಾರನು ಪ್ರತಿ ವಾಯಿದೆಗೂ ಸೊಲ್ಲಾಪುರಕ್ಕೆ ಅಲೆಯಬೇಕಾಗಿಲ್ಲ. ಇಂಥ ಸುಳ್ಳನ್ನು ನಂಬಿ ಅವನು ಅಷ್ಟಿಷ್ಟು ಹಣಕ್ಕೆ ರಾಜಿಯಾಗುವಂತಾದರೆ ಅದು ದೊಡ್ಡ ಅನ್ಯಾಯ. ಎಫ್‌ಐಆರ್, ಪಂಚನಾಮೆ, ಗಾಯದ ಪ್ರಮಾಣಪತ್ರಗಳನ್ನು ಮಾತ್ರ ಅಲ್ಲಿನ ಠಾಣೆ ಮತ್ತು ಆಸ್ಪತ್ರೆಯಿಂದ ತರಿಸಿಕೊಳ್ಳಬೇಕು. 166(3)ನೇ ಕಲಮಿನಲ್ಲಿ ಆರು ತಿಂಗಳ ಗಡುವನ್ನು ಹೇಳಿರುವುದರಿಂದ ತಡ ಮಾಡದೆ ವಕೀಲರನ್ನು ಕಾಣಿರಿ.